ಮಡಚದ ಕಾಲು

ಬೆಲ್ಟು ಎದೆಯ ಮೇಲೆ ಹಾಯುವಾಗ ಲಿಂಗದ ಕರಡಿಗೆ ಅಡ್ಡ ಬಂತು. ದೌಲತರಾಯ ಕ್ಷಣ ಕೈ ತಡೆದ. ಆಮೇಲೆ ಎರಡು ಬೆರಳಿನಿಂದ ಕರಡಿಗೆಯನ್ನು ಪಕ್ಕಕ್ಕೆ ಸರಿಸಿ ಕೊಂಡಿ ಸಿಕ್ಕಿಸಿದ. ಟಕ್ ಎಂದಿತು. ಒಳ್ಳೆಯ ಸದ್ದು. ಇಂಥ ಹೊತ್ತಿನಲ್ಲೂ ಆ ಸದ್ದು ತನಗೆ ಹಿತವಾಯಿತೆಂಬುದನ್ನು ಅವನು ಗಮನಿಸಿದ. ಯಾರಾದರೂ ನೋಡಿದರೇನೋ ಎಂದು ತಲೆಯೆತ್ತಿದ.

"ಅಣ್ಣಾ, ಭಾಳ ಬಿಗಿ ಮಾಡಬ್ಯಾಡ," ಎಂದಳು ತಂಗಿ ಸುಂದರಬಾಯಿ. "ಅಪ್ಪಗ ತ್ರಾಸ ಆಗ್ತದ."

ಅಂದ ಮೇಲೆ ತಾನು ಅಂದದ್ದೇನೆಂದು ಅವಳಿಗೇ ಹೊಳೆದು, ಸೆರಗು ಬಾಯಿಗೆ ಒತ್ತಿಕೊಂಡಳು.

ಅಪ್ಪ ನಾಗಣ್ಣ ನಸುಕಿನಲ್ಲಿ ಹೋಗಿದ್ದ. ಮಗಳನ್ನು ನೋಡಿ ಬರುತ್ತೇನೆಂದು ತಮ್ಮೂರು ಕಿಣ್ಣಿ ಸುಲ್ತಾನದಿಂದ ಯಡ್ರಾಮಿಗೆ ಬಂದವನು, ಜ್ವರ ಎಂದು ಮಲಗಿದವನು, ಏಳಲಿಲ್ಲ. ಹಿಂದಿನ ಸಂಜೆಯೇ ಜ್ವರದ ಸುದ್ದಿ ತಿಳಿದು ದೌಲತರಾಯ ತನ್ನ ಗಾಡಿಯಲ್ಲೇ ಬಂದಿದ್ದ. ಈಗ ಅದೇ ಗಾಡಿ ತಂಗಿಯ ಗಂಡನ ಮನೆಯ ಮುಂದೆ, ಅತ್ತು ಕೆಂಪಾದ ಕಣ್ಣುಗಳ ನಡುವೆ, ಅರಿಷಿಣ ಬಳಿದುಕೊಂಡ ಮದುಮಗಳ ಹಾಗೆ ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು.

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಚಿ, ಪದ್ಮಾಸನ ಹಾಕಿಸಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಕೂತೇ ವಿಮಾನ ಏರಬೇಕು, ಕೂತೇ ಮಣ್ಣಿಗೆ ಇಳಿಯಬೇಕು. ವಿಮಾನ ಎಂದರೆ ಬಿದಿರ ಗಳಕ್ಕೆ ಬಾಳೆ, ಹೂವು ಕಟ್ಟಿದ ಮಂಟಪ. ಅದರಲ್ಲಿ ಕೂತು ಹೆಣ ಕೊನೆಯ ಸಲ ಊರು ನೋಡುತ್ತ ಹೋಗುತ್ತದೆ. ಆದರೆ ಕಾಲು ಮಡಚುವ ಕೆಲಸ ಮೈಯಲ್ಲಿ ಬಿಸಿ ಇರುವಾಗಲೇ ಆಗಬೇಕು. ಸೆಟೆದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ.

ತಂಗಿಯ ಮಾವ ಮಲ್ಕಪ್ಪ ಅದನ್ನೇ ಹೇಳಿದ್ದ.

"ತಮ್ಮಾ, ಇಲ್ಲೇ ಕಾಲು ಮಡಚಿ ಅರಿವಿ ಕಟ್ಟೋಣು. ಟೆಂಪೋ ಬರ್ತದ. ಅದರಾಗ ಗಾದಿ ಹಾಸಿ ಕುಂದ್ರಿಸಿ ಒಯ್ಯೋಣು."

"ಟೆಂಪೋದಾಗ ಭಾಳ ಹೊತ್ತಾಗ್ತದ್ರಿ ಮಾಮಾ. ಬಿಸಲು ಬ್ಯಾರೆ. ನನ್ನ ಗಾಡ್ಯಾಗ ಬಿಸಲು ಏರೋದ್ರಾಗ ಊರು ಮುಟ್ಟತೇನಿ."

ಮಲ್ಕಪ್ಪ ಗಾಡಿಯೊಳಗೆ ಬಗ್ಗಿ ನೋಡಿದ. ಎರಡೇ ಸೀಟು. ಎರಡೂ ಒರಳಿನಂತೆ ಇಕ್ಕಟ್ಟು, ಪಕ್ಕೆಗಳನ್ನು ಹಿಡಿದು ಕೂರಿಸುವಂಥವು.

"ಇದರಾಗ ಮಡಚಿ ಕುಂದ್ರತಾನೇನು?"

"ಇಲ್ರಿ. ಕಾಲು ಚಾಚೇ ಕೂಡಬೇಕು. ಮನಿ ಮುಟ್ಟಿದ ಕೂಡಲೆ ಮಡಚಿದ್ರಾಯ್ತು. ಅಷ್ಟರಾಗ ಏನೂ ಆಗಂಗಿಲ್ಲ."

"ಆಯ್ತಂದ್ರ?"

"ಆಗಂಗಿಲ್ರಿ. ಜವಾಬ್ದಾರಿ ನಂದು."

"ಓದಿದಾವ ನೀ," ಎಂದ ಮಲ್ಕಪ್ಪ. ಹೊಗಳಿದನೋ ಬೈದನೋ ತಿಳಿಯುವಂತಿರಲಿಲ್ಲ.

ಓದಿದ್ದು ನಿಜ. ಗುಲಬರ್ಗಾದ ಪಾಲಿಟೆಕ್ನಿಕ್ಕಿನಲ್ಲಿ ಅವನು ಎಂಜಿನ್ನಿನ ಪಾಠ ಹೇಳುತ್ತಿದ್ದ. ಬಣ್ಣದ ಸೀಮೆಸುಣ್ಣದಿಂದ ಹಲಗೆಯ ಮೇಲೆ ಸಿಲಿಂಡರು ಬರೆದು, ಒಳಗೆ ಕೆಂಪು ಬೆಂಕಿ ಬರೆದು, ತಿರುಗಿ ನೋಡಿದರೆ ಹುಡುಗರು ಕಿಟಕಿಯಾಚೆ ನೋಡುತ್ತಿರುತ್ತಿದ್ದರು. ಅವನೂ ನೋಡುತ್ತಿದ್ದ. ಅವನ ಜೀವವೆಲ್ಲ ಆಳಂದದ ಹೊರಗೆ ಬಾಡಿಗೆ ಹಿಡಿದ ಒಂದು ತಗಡಿನ ಶೆಡ್ಡಿನಲ್ಲಿತ್ತು. ಅಜ್ಜಿ ಹೇಳುವ ಕಥೆಯ ರಾಕ್ಷಸನ ಜೀವ ಏಳು ಕಡಲಾಚೆಯ ಗಿಳಿಯಲ್ಲಿ ಇರುತ್ತದಲ್ಲ, ಹಾಗೆ.

ಗಿಳಿಯ ಹೆಸರು ಸೆಲಿಕಾ. ಜಪಾನಿನ ಟೊಯೊಟಾ ಕಂಪನಿಯದು. ಗೆಳೆಯ ಶರಫುದ್ದೀನನ ಅಣ್ಣ ಕುವೈತಿನಿಂದ ಮರಳುವಾಗ ಹಡಗಿನಲ್ಲಿ ಮುಂಬಯಿಗೆ ತಂದು, ಇಲ್ಲಿಯ ರಸ್ತೆ ನೋಡಿ ಕೈಮುಗಿದು, ದೌಲತರಾಯನಿಗೆ ಮಾರಿದ್ದ. ಅರಬರ ದೇಶದ ಗಾಡಿಯಾದ್ದರಿಂದ ಸ್ಟಿಯರಿಂಗು ಎಡಕ್ಕಿತ್ತು. ನಮ್ಮ ಕಡೆ ಡ್ರೈವರು ಕೂರುವ ಬಲಗಡೆ ಬರೀ ಸೀಟು. ಅಲ್ಲಿ ಕೂತವರನ್ನು ಜನ ಡ್ರೈವರೆಂದೇ ತಿಳಿಯುತ್ತಿದ್ದರು.

ತಿಳಿಯಲು ಅಲ್ಲಿ ಯಾರೂ ಕೂತಿರಲಿಲ್ಲ ಎನ್ನುವುದು ಬೇರೆ ಮಾತು.

ಗಾಡಿಯನ್ನು ಹಗುರ ಮಾಡುವುದು ಅವನ ಧ್ಯಾನವಾಗಿತ್ತು. ಹಿಂದಿನ ಸೀಟು ಕಿತ್ತ. ನೆಲಹಾಸು ಕಿತ್ತ. ರೇಡಿಯೋ ಕಿತ್ತ. ಉರುಳಿಬಿದ್ದರೆ ತಲೆ ಉಳಿಯಲೆಂದು ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಬೆಸೆದ. ಸ್ಪ್ರಿಂಗು ಗಿಡ್ಡ ಮಾಡಿ ಹೊಟ್ಟೆಯನ್ನು ನೆಲಕ್ಕೆ ಇಳಿಸಿದ. ಸೈಲೆನ್ಸರಿನ ಒಳಗಿನ ತಡೆಗಳನ್ನೆಲ್ಲ ತೆಗೆದು ಅದರ ದನಿಯನ್ನು ಬಿಚ್ಚಿದ. ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಉಣಿಸುವ ಎರಡು ಕಾರ್ಬ್ಯುರೇಟರು, ಅವಕ್ಕೆ ನಾಲ್ಕು ಬಾಯಿ. ಆ ನಾಲ್ಕೂ ಒಂದೇ ಸಮ ಉಸಿರೆಳೆಯುವಂತೆ ಮಾಡಲು ಎಷ್ಟೋ ಭಾನುವಾರಗಳನ್ನು ಸುರಿದ. ಚಳಿಗಾಲದಲ್ಲಿ ಮದರಾಸಿನ ಹತ್ತಿರದ ಶೋಲಾವರಂ ಕಾರು ಪಂದ್ಯಕ್ಕೆ ಹೋಗುತ್ತಿದ್ದ. ಒಂದು ವರ್ಷ ಕೊನೆಯವನಾಗದೆ ಬಂದಿದ್ದ. ಮಣ್ಣುದಾರಿಯ ಪಂದ್ಯಕ್ಕೂ ಹೋಗಬೇಕೆಂದು, ನಕ್ಷೆ ಓದುವ ಜೊತೆಗಾರನಿಗಾಗಿ ಬಲಗಡೆಯ ಸೀಟು ಇಟ್ಟ. ಗಾಡಿ ಹಾರಿ ಬೀಳುವಾಗ ಜೊತೆಗಾರ ಪಾದ ಒತ್ತಿ ಹಿಡಿಯಲೆಂದು ಮುಂದೆ ಓರೆಯಾಗಿ ಒಂದು ತಗಡು ಬೆಸೆದ. ಜೊತೆಗಾರ ಸಿಗಲಿಲ್ಲ.

ಹೆಣ್ಣು ಕೊಡಲು ಬಂದವರೂ ಗಾಡಿಯೊಳಗೆ ಇಣುಕಿ, "ಹೆಂಡತಿ ಕುಂದ್ರತಾಳ, ಆಯ್ತು. ಮಕ್ಕಳು ಎಲ್ಲಿ ಕುಂದ್ರತಾವ?" ಎಂದು ಕೇಳಿ ಹೋಗಿದ್ದರು.

ಅಪ್ಪ ಮಾತ್ರ ಎಂದೂ ಬೈದವನಲ್ಲ. ಮೊದಲ ಸಲ ಎಂಜಿನ್ನಿನ ದನಿ ಕೇಳಿದಾಗ ತೊಗರಿ ಹಸನು ಮಾಡುತ್ತಿದ್ದವನು ಮೊರ ಕೆಳಗಿಟ್ಟು ಬಂದು, "ಇದು ಯಾಕೋ ಇಷ್ಟು ಸಿಟ್ಟಿಲೆ ಮಾತಾಡ್ತದ? ಯಾರು ಏನಂದಾರ ಇದಕ್ಕ?" ಎಂದಿದ್ದ. "ನನಗೂ ಒಂದಿನ ಕೂಡಿಸ್ಕೊಂಡು ಹೋಗು" ಎಂದೂ ಅಂದಿದ್ದ. ಹೂಂ ಎಂದಿದ್ದ ದೌಲತರಾಯ. ಆಗ ಸ್ಪ್ರಿಂಗಿನ ಪರೀಕ್ಷೆ ನಡೆದಿತ್ತು. ಪಕ್ಕದಲ್ಲಿ ಒಬ್ಬರ ಭಾರ ಸೇರಿದರೆ ಲೆಕ್ಕ ತಪ್ಪುತ್ತಿತ್ತು.

ಇವತ್ತು ಅಪ್ಪ ಕೂತಿದ್ದ. ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು, ಗದ್ದಕ್ಕೆ ಕಟ್ಟಿದ ಅರಿವೆ. ಎದೆಯ ಮೇಲೆ ಎರಡು ಬೆಲ್ಟು. ಪಾದ ಎರಡೂ ತಗಡಿನ ಮೇಲೆ.

"ನಾವು ಹಿಂದೇ ಬರ್ತೀವಿ," ಎಂದಳು ಸುಂದರಬಾಯಿ. "ಅಣ್ಣಾ, ಎಲ್ಲೂ ನಿಂದ್ರಬ್ಯಾಡ."

"ಯಾಕ ನಿಂದ್ರಲಿ?"

ಜೇವರ್ಗಿಯವರೆಗೆ ಅವನು ಮೆಲ್ಲಗೇ ಹೊಡೆದ. ಕುಣಿ ಬಂದಲ್ಲಿ ಇಳಿಸಿ ಏರಿಸಿ, ಕೈಗೂಸು ಹೊತ್ತವರಂತೆ ಹೊಡೆದ. ಅಳು ಬಂದರೆ ಬರಲಿ ಎಂದು ಕಾಯ್ದ. ಬರಲಿಲ್ಲ. ಊರೂರಲ್ಲೂ ಜನ ನಿಂತು ನೋಡಿದರು. ಅವರು ಕಂಡದ್ದು ಬಲಗಡೆ ನೆಟ್ಟಗೆ ಕೂತು, ಕಣ್ಣು ಮುಚ್ಚಿ, ವಿಭೂತಿ ಧರಿಸಿ ಗಾಡಿ ಹೊಡೆಯುತ್ತಿರುವ ಮುದುಕನನ್ನು. ಜೇವರ್ಗಿಯ ಸುಂಕದ ನಾಕೆಯಲ್ಲಿ ಎತ್ತಿನ ಗಾಡಿಯವನೊಬ್ಬ, "ಏ ಮುತ್ಯಾ, ಕಣ್ಣು ತಗದು ಹೊಡಿಯೋ!" ಎಂದು ಕೂಗಿದ. ದೌಲತರಾಯನಿಗೆ ನಗು ಬಂತು. ನಕ್ಕೂಬಿಟ್ಟ. ನಗು ಪಂಜರದ ಕೊಳವೆಗಳಿಗೆ ಬಡಿದು ಅವನ ಕಿವಿಗೇ ಮರಳಿ ಬಂದಾಗ ಬಾಯಿ ಮುಚ್ಚಿಕೊಂಡ.

ಊರು ದಾಟಿದ ಮೇಲೆ ರಸ್ತೆ ಹೊಸ ಡಾಂಬರಿನದು. ಕರ್ರಗೆ, ನೆಟ್ಟಗೆ, ಬಿಸಿಲಿಗೆ ನೀರಿನ ಭ್ರಮೆ ಹುಟ್ಟಿಸುತ್ತ ಮಲಗಿತ್ತು. ಆಕ್ಸಿಲರೇಟರಿನ ಮೇಲಿದ್ದ ಬಲಗಾಲು ತಾನಾಗಿಯೇ ಕೆಳಗಿಳಿಯಿತು. ಎಂಜಿನ್ನು ಒಂದು ಸಲ ಉಸಿರು ನುಂಗಿ, ಬಿಟ್ಟಿತು.

ಭೀಮೆಯ ಸೇತುವೆಗೆ ಇಳಿಯುವ ತಿರುವಿನಲ್ಲಿ ಅವನಿಗೆ ಒಂದು ಸಂಗತಿ ತಿಳಿಯಿತು. ಗಾಡಿ ಎಡಕ್ಕೆ ವಾಲಲಿಲ್ಲ. ಇಷ್ಟು ವರ್ಷ ಒಬ್ಬನೇ ಎಡಗಡೆ ಕೂತು ಹೊಡೆಯುವಾಗ, ಪ್ರತಿ ತಿರುವಿನಲ್ಲೂ ಕಾಡುತ್ತಿದ್ದ ಆ ವಾಲು. ಸ್ಪ್ರಿಂಗು ಬದಲಿಸಿ, ಗಾಳಿ ಹೆಚ್ಚು ಕಡಿಮೆ ಮಾಡಿ, ತಿಪ್ಪರಲಾಗ ಹಾಕಿದರೂ ಹೋಗದ ವಾಲು. ಈಗ ಇರಲಿಲ್ಲ. ಬಲಗಡೆ ಅಪ್ಪ ಕೂತಿದ್ದ. ಅಪ್ಪನ ಭಾರಕ್ಕೆ ಗಾಡಿ ಸಮತೂಕಕ್ಕೆ ಬಂದಿತ್ತು.

ಅವನಿಗೆ ಸಂತೋಷವಾಯಿತು. ಬಚ್ಚಿಡಲು ಯಾರೂ ಇಲ್ಲದಂಥ, ಹೊಟ್ಟೆಯ ತಳದಿಂದ ಎದ್ದ ಸಂತೋಷ. ಸೇತುವೆ ದಾಟಿ ಮುಂದಿನ ತಿರುವನ್ನು ಬೇಕೆಂದೇ ಜೋರಾಗಿ ತೆಗೆದುಕೊಂಡ. ರುಮಾಲಿನ ತಲೆ ಒಂದಿಷ್ಟು ವಾಲಿ, ಮತ್ತೆ ನೆಟ್ಟಗಾಯಿತು. ಹೌದೆಂದು ಒಪ್ಪಿದ ಹಾಗೆ.

ಆಗ ಕೇಳಿಸಿತು.

ಬೇರೆ ಯಾರಿಗೂ ಕೇಳುವಂಥದ್ದಲ್ಲ. ನಾಲ್ಕು ಬಾಯಲ್ಲಿ ಒಂದು ತೊದಲಿತು. ಎಂಜಿನ್ನಿನ ಹಾಡಿನಲ್ಲಿ ಒಂದು ಕಡೆ ಅಕ್ಷರ ನುಂಗಿದಂತೆ. ಯಡ್ರಾಮಿಯಲ್ಲಿ ಪೀಪಾಯಿಯಿಂದ ಅಳೆದು ಹಾಕಿಸಿದ ಪೆಟ್ರೋಲಿನಲ್ಲಿ ಕಸವಿದ್ದಿರಬೇಕು. ಒಂದು ಜೆಟ್ಟಿನಲ್ಲಿ ಸಿಕ್ಕಿದೆ. ಜೆಟ್ಟು ಎಂದರೆ ಪೆಟ್ರೋಲು ಹಾಯುವ ಹಿತ್ತಾಳೆಯ ಪುಟ್ಟ ಮೊಳೆ, ಮೂಗುತಿಯ ತಿರುಪಿನಷ್ಟು. ಅದರ ನಡುವೆ ಕೂದಲು ತೂರುವಷ್ಟು ತೂತು.

ಹೀಗೇ ಬಿಟ್ಟರೂ ಗಾಡಿ ಊರು ಮುಟ್ಟುತ್ತದೆ. ಅದು ಅವನಿಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನೇ ಆಮೇಲೆ ಅವನು ದಿನವೆಲ್ಲ ಬಾಯೊಳಗಿನ ಕಲ್ಲಿನಂತೆ ಹೊರಳಿಸಬೇಕಾಯಿತು.

ಒಂದು ಹರದಾರಿ ತಡೆದುಕೊಂಡ. ತೊದಲು ಮತ್ತೆ ಕೇಳಿಸಿತು. ಮೂಗಿನಲ್ಲೇ ಸಿಕ್ಕಿಕೊಂಡ ಸೀನಿನ ಹಾಗೆ ಅದನ್ನು ಸಹಿಸಲಾಗಲಿಲ್ಲ. ರಸ್ತೆಯಿಂದ ಕೆಳಗೆ, ಹಾಳು ಬಾವಿಯ ಹತ್ತಿರ ಬೇವಿನ ಮರಗಳ ಗುಂಪೊಂದು ಕಂಡಿತು. ಅಪ್ಪನ ಮೇಲೆ ಬಿಸಿಲು ಬೀಳಬಾರದಲ್ಲ ಎಂದುಕೊಂಡು ಗಾಡಿಯನ್ನು ಅಲ್ಲಿಗೆ ಇಳಿಸಿದ. ಮನಸ್ಸು ಎಷ್ಟು ಬೇಗ ಒಳ್ಳೆಯ ಕಾರಣ ಒದಗಿಸಿತೆಂದು ಅವನಿಗೇ ಬೆರಗಾಯಿತು.

ತೊದಲಿದ ಬಾಯಿಯ ಜೆಟ್ಟು ಬಿಚ್ಚಿ, ಊದಿ, ಮತ್ತೆ ಕೂರಿಸುವುದು ಬೀಡಿ ಸೇದಿದಷ್ಟೇ ಹೊತ್ತಿನ ಕೆಲಸ. ಮಾಡಿದ. ಎಂಜಿನ್ನು ಚಾಲೂ ಮಾಡಿ, ಮೊಳದುದ್ದದ ರಬ್ಬರ್ ನಳಿಕೆಯ ಒಂದು ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನು ನಾಲ್ಕು ಬಾಯಿಗೂ ಒಂದೊಂದಾಗಿ ಹಿಡಿದು ಆಲಿಸಿದ. ಪರೀಕ್ಷಿಸುವ ರೀತಿಯೇ ಅದು. ಗಾಳಿ ಒಳಗೆ ಹೋಗುವ ಸುಯ್ ದನಿ ನಾಲ್ಕರಲ್ಲೂ ಒಂದೇ ಸಮ ಇರಬೇಕು. ನಸುಕಿನಲ್ಲಿ ಮಲ್ಕಪ್ಪ ಅಪ್ಪನ ಮೂಗಿನ ಮುಂದೆ ಅರಳೆಯ ಎಳೆ ಹಿಡಿದು ಹೀಗೇ ಬಗ್ಗಿ ನಿಂತಿದ್ದ. ಎಳೆ ಅಲುಗಿರಲಿಲ್ಲ.

ಮೂರು ಬಾಯಿ ಸರಿಯಿತ್ತು. ನಾಲ್ಕನೆಯದು ಒಂದು ಕೂದಲಿನಷ್ಟು ಹಿಂದೆ.

ಅಲ್ಲಿಗೆ ಬಿಡಬಹುದಿತ್ತು. ತಿರುಪುಳಿ ಕೈಯಲ್ಲೇ ಇತ್ತು. ಒಂದು ತಿರುವು ತಿರುವಿದ. ಎರಡನೆಯದು ಹಿಂದೆ ಬಿತ್ತು. ಅದನ್ನು ಸರಿಪಡಿಸಿದ, ಮೊದಲನೆಯದು ಕೆಟ್ಟಿತು. ಬೆವರು ಕಣ್ಣಿಗಿಳಿಯಿತು, ಬೆರಳು ಸುಟ್ಟಿತು. ಯಾವುದೂ ಅರಿವಿಗೆ ಬರಲಿಲ್ಲ. ಅವನು ಅಲ್ಲಿರಲಿಲ್ಲ. ತಗಡಿನ ಶೆಡ್ಡಿನ ಭಾನುವಾರದಲ್ಲಿದ್ದ. ಕೊನೆಗೆ ಎಂಜಿನ್ನು ನಿಲ್ಲಿಸಿ, ನಾಲ್ಕನೆಯ ಬಾಯಿಯ ಜೆಟ್ಟನ್ನೇ ಬಿಚ್ಚಿ ಬೆಳಕಿಗೆ ಹಿಡಿದು ನೋಡಬೇಕೆಂದು ತೆಗೆದ. ಎಣ್ಣೆಗೈಯಿಂದ ಅದು ಜಾರಿತು.

ಕೆಳಗೆ ಎರೆ ಭೂಮಿ. ಬೇಸಿಗೆಯಲ್ಲಿ ಅದು ಬಾಯಿ ಬಿಟ್ಟಿರುತ್ತದೆ, ತೋಳು ಇಳಿಯುವಷ್ಟು.

ಮಂಡಿಯೂರಿ ಕೂತ. ಬಿರುಕಿನೊಳಗೆ ಬೆರಳಾಡಿಸಿದ. ತಿರುಪುಳಿಯಿಂದ ಕೆದಕಿದ. ಮಣ್ಣು ಹೆಂಟೆ ಹೆಂಟೆಯಾಗಿ ಎದ್ದಿತು, ಜೆಟ್ಟು ಬರಲಿಲ್ಲ. ಚಿಕ್ಕವನಿದ್ದಾಗ ಅಜ್ಜಿ ಗುರಮ್ಮ ಹೇಳುತ್ತಿದ್ದ ಕಥೆ ಎಲ್ಲಿಂದಲೋ ಬಂತು. ಅರಸನಿಗೆ ಜಡ್ಡು, ಮಗ ಗಾಳಿಗುದುರೆ ಏರಿ ಔಷಧಿಯ ಹೂ ತರಲು ಹೋಗಿದ್ದಾನೆ. ಹೂ ಸಿಕ್ಕಿದೆ. ಮರಳುವಾಗ ಕುದುರೆಯ ಗೊರಸಿಗೆ ಮುಳ್ಳು. 'ಇಳೀಬ್ಯಾಡ ಮಗನಾ, ನಾ ಕುಂಟಕೋತ ಒಯ್ದು ಮುಟ್ಟಸ್ತೇನಿ' ಅನ್ನುತ್ತದೆ ಕುದುರೆ. ಮಗ ಇಳಿಯುತ್ತಾನೆ. ಮುಳ್ಳು ತೆಗೆಯಲು ಕೂರುತ್ತಾನೆ. ಅಜ್ಜಿ ಅಲ್ಲಿಗೆ ಬಂದಾಗ ಯಾವಾಗಲೂ ನಿದ್ದೆ ಹೋಗುತ್ತಿದ್ದಳು. ಮುಂದೇನಾಯಿತೆಂದು ಅವನಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

ರಸ್ತೆಯ ಮೇಲೆ ಟೆಂಪೋದ ಸದ್ದು ಕೇಳಿಸಿತು.

ಅದರ ಗೇರು ನರಳುವ ದನಿ, ಅದರೊಳಗಿಂದ ಹೆಂಗಸರ ಅಳು, ನಡುವೆ ಸುಂದರಬಾಯಿಯ ರಾಗ: "ನನ್ನಪ್ಪಾ, ತೊಗರಿಯ ಕಣಜಾ ತುಂಬಿಟ್ಟು ಹೋದೆಲ್ಲೋ..." ಇನ್ನೂ ದೂರವಿತ್ತು. ಏರಿ ಹತ್ತಿ ರಸ್ತೆಗೆ ಓಡಿ ಕೈ ಅಡ್ಡ ಹಿಡಿದರೆ ಸಾಕಿತ್ತು. ಅಪ್ಪನನ್ನು ಟೆಂಪೋಕ್ಕೆ ಏರಿಸಿ, ಅಲ್ಲೇ ಕಾಲು ಮಡಚಿ ಕಟ್ಟಬಹುದಿತ್ತು. ಇನ್ನೂ ಹೊತ್ತು ಮೀರಿರಲಿಲ್ಲ. ದೌಲತರಾಯ ಎದ್ದು ನಿಂತ.

ನಿಂತವನಿಗೆ ತನ್ನ ಕೈ ಕಂಡಿತು. ಮೊಣಕೈವರೆಗೆ ಎಣ್ಣೆ, ಮಣ್ಣು. ತೆರೆದ ಬಾನೆಟ್ಟು ಕಂಡಿತು. ಮಲ್ಕಪ್ಪನ ಮುಖ ಕಂಡಿತು. "ಏನಾಗಿತ್ತೋ ತಮ್ಮಾ?" "ಒಂದು ಬಾಯಿ ತೊದಲಾಕತ್ತಿತ್ರಿ." ಹಾಗೆಂದು ಯಾರಿಗೆ ಹೇಳುವುದು?

ಅವನು ಬಾನೆಟ್ಟನ್ನು ಸದ್ದಾಗದಂತೆ ಇಳಿಸಿದ. ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತ. ಉಸಿರು ಹಿಡಿದ. ಟೆಂಪೋ ನರಳುತ್ತ, ಅಳುತ್ತ ಹಾದುಹೋಯಿತು. ಹೋದ ಮೇಲೂ ಬಹಳ ಹೊತ್ತು ಅವನು ಹಾಗೇ ಕೂತಿದ್ದ. ಪಂಜರದ ಆಚೆ ಅಪ್ಪನ ರುಮಾಲಿನ ಹಿಂಭಾಗ ಕಾಣುತ್ತಿತ್ತು. ಅಪ್ಪ ತಿರುಗಿ ನೋಡಲಿಲ್ಲ. ಅಷ್ಟು ಮರ್ಯಾದೆ ಉಳಿಸಿದ.

"ಏನ್ ಕಳಕೊಂಡೀರಿ ಸಾಹೇಬ್ರ?"

ಕುರಿ ಕಾಯುವವನು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ನೀರಿನ ಸೋರೆಬುರುಡೆ. ಹೆಸರು ಪೀರಪ್ಪ ಎಂದು ಕೇಳದಿದ್ದರೂ ಹೇಳಿದ. ಕುರಿಗಳು ಬಂದು ಗಾಡಿಯ ಗಾಲಿಗಳನ್ನು ಮೂಸಿದವು.

"ಏನಿಲ್ಲ. ಒಂದು ಮೊಳಿ."

"ಮೊಳಿ ಸಲುವಾಗಿ ಬಾವಿನೇ ತೋಡೀರಲ್ರಿ!" ಪೀರಪ್ಪ ಹಲ್ಲು ಬಿಟ್ಟ. "ಎಂಥಾ ಗಾಡಿ ಇದು? ನೆಲಕ್ಕ ಹೊಟ್ಟಿ ಹಚ್ಚಿ ಕುಂತದ, ಈಯಾಕ ಬಂದ ಎಮ್ಮಿ ಹಂಗ."

"ಜಪಾನಿಂದು."

"ಹಾಂ. ಅಲ್ಲಿ ಮಂದಿನೂ ಗಿಡ್ಡ ಅಂತ ಕೇಳೀನಿ." ಅವನು ಬಲಗಡೆಯ ಬಾಗಿಲಿನತ್ತ ನಡೆದ. ಗಾಳಿಯಾಡಲೆಂದು ದೌಲತರಾಯ ಅದನ್ನು ತೆರೆದಿಟ್ಟಿದ್ದ. "ಈ ಮುತ್ಯಾ ಡ್ರೈವರೇನ್ರಿ? ಇಷ್ಟು ವಯಸ್ಸಾದೋರ ಕೈಯಾಗ ಗಾಡಿ ಕೊಟ್ಟೀರಲ್ಲ. ಮುತ್ಯಾ, ಓ ಮುತ್ಯಾ, ನೀರು ಕುಡೀತೀರೇನ್ರಿ?"

"ಎಬ್ಬಿಸಬ್ಯಾಡ," ಎಂದ ದೌಲತರಾಯ. "ಮಲಗ್ಯಾರ."

"ಮಲಗಲಿ, ಮಲಗಲಿ." ಪೀರಪ್ಪ ದನಿ ತಗ್ಗಿಸಿದ. ಬಗ್ಗಿ ನೋಡಿ ಮೆಚ್ಚಿ ತಲೆದೂಗಿದ. "ಆದ್ರೂ ನೋಡ್ರಿ, ನಿದ್ದಿಯಾಗೂ ಕಾಲು ಬ್ರೇಕಿನ ಮ್ಯಾಲೇ ಇಟ್ಟಾರ. ಹುಷಾರ್ ಮನಷ್ಯಾ."

ನೀರು ದೌಲತರಾಯ ಕುಡಿದ. ಕುರಿಗಳು ಹೋದವು. ಅವು ಎಬ್ಬಿಸಿದ ದೂಳು ಇಳಿಯುವವರೆಗೂ ಅವನು ಅಪ್ಪನ ಬಳಿಗೆ ಹೋಗಲಿಲ್ಲ. ಆಮೇಲೆ ಹೋಗಿ, ಬಗ್ಗಿ, ಮೊಣಕಾಲಿನ ಕೆಳಗೆ ಕೈ ಕೊಟ್ಟು ಮೆಲ್ಲಗೆ ಎತ್ತಿ ನೋಡಿದ.

ಎದ್ದದ್ದು ಕಾಲಲ್ಲ. ಇಡೀ ಅಪ್ಪ ಎದ್ದ, ಬೆಲ್ಟಿನವರೆಗೆ.

ಅವನು ಕೈ ತೆಗೆದು ನೆಲದಲ್ಲಿ ಕೂತುಬಿಟ್ಟ. ಕಾಲು ಹತ್ತಿರಕ್ಕೆ ಎಳೆದುಕೊಂಡಾಗ ಏನೋ ಹೊಳೆಯಿತು. ಪ್ಯಾಂಟಿನ ಕೆಳತುದಿಯ ಮಡಿಕೆಯಲ್ಲಿ ಜೆಟ್ಟು ಕೂತಿತ್ತು. ಅದು ಬಿರುಕಿಗೆ ಬಿದ್ದೇ ಇರಲಿಲ್ಲ.

ಅಲ್ಲಿಂದ ಗುಲಬರ್ಗಾ ದಾಟಿ, ಆಳಂದ ದಾಟಿ ಊರು ಸೇರುವವರೆಗೆ ಗಾಡಿ ಎಂದೂ ಹಾಡದ ಹಾಗೆ ಹಾಡಿತು. ಒಂದು ಅಕ್ಷರವನ್ನೂ ನುಂಗಲಿಲ್ಲ.

ಮನೆಯ ಮುಂದೆ ಟೆಂಪೋ ನಿಂತಿತ್ತು. ಅದನ್ನು ನೋಡದಿರಲು ಅವನು ಕಣ್ಣನ್ನು ಎಲ್ಲೆಲ್ಲೋ ಇಟ್ಟ. ಕಟ್ಟೆಯ ಮೇಲೆ ಅರ್ಧ ಕಟ್ಟಿದ ವಿಮಾನ, ಅದರ ಪಕ್ಕದಲ್ಲಿ ಬಿದಿರು ಸೀಳುತ್ತಿದ್ದವರು, ಹಲಗೆ ಬಾರಿಸುವವರು, ಊರ ಜನ. ಎಲ್ಲರೂ ಎದ್ದರು. ದೊಡ್ಡಪ್ಪನ ಮಗ ಮಲ್ಲಣ್ಣ, ಊರಲ್ಲಿ ಯಾರು ಸತ್ತರೂ ಕೂರಿಸುವವನು, ಬೆಲ್ಟು ಬಿಚ್ಚಲು ತಿಳಿಯದೆ ತಡಕಾಡಿದ. ದೌಲತರಾಯ ಬಿಚ್ಚಿಕೊಟ್ಟ. ಟಕ್ ಎಂದಿತು.

ಪಡಸಾಲೆಯ ಗೋಡೆಗೆ ಗೂಟ ಹೊಡೆದು, ಕೆಳಗೆ ಕಂಬಳಿ ಹಾಸಿ ತಯಾರಾಗಿತ್ತು. ಮಲ್ಲಣ್ಣ ಮೊದಲು ಬಲಗಾಲು ಹಿಡಿದ. ಆಮೇಲೆ ಎಡಗಾಲು. ಆಮೇಲೆ ಸುಮ್ಮನೆ ಕೂತು ಬೆವರು ಒರೆಸಿಕೊಂಡ.

"ಬಿಸಿ ನೀರು ತರ್ರಿ."

ತಂದರು. ಅರಿವೆ ಅದ್ದಿ ಕಾವು ಕೊಟ್ಟರು. ಇಬ್ಬರು ತೊಡೆ ಹಿಡಿದರು, ಮಲ್ಲಣ್ಣ ಹಿಮ್ಮಡಿ ಹಿಡಿದು ಒತ್ತಿದ. ಒಣ ಬಿದಿರು ಸೀಳಿದಂಥ ಒಂದು ಸದ್ದು ಬಂತು. ಹೊರಗೆ ಬಿದಿರು ಸೀಳುವವರದೇ ಇರಬಹುದು ಎಂದುಕೊಂಡ ದೌಲತರಾಯ. ಹೊರಗೆ ಅವರು ಕೈ ನಿಲ್ಲಿಸಿ ಒಳಗೆ ನೋಡುತ್ತಿದ್ದರು.

"ಸಾಕು, ಬಿಡೋ ಮಲ್ಲಣ್ಣಾ." ಅವ್ವ ಸುಭದ್ರಾಬಾಯಿ ಮೂಲೆಯಿಂದ ಮಾತಾಡಿದಳು. ಅಲ್ಲಿಯವರೆಗೆ ಅವಳು ಅಲ್ಲಿದ್ದಾಳೆಂದೇ ಯಾರಿಗೂ ಅನಿಸಿರಲಿಲ್ಲ. "ಮುರೀಬ್ಯಾಡ. ಹೆಂಗ ಕುಂತಾನ ಹಂಗೇ ಹೋಗಲಿ."

"ಕಾಕಿ, ಹಂಗ ಹೆಂಗ ಆಗ್ತದ? ಕಾಲು ಚಾಚಿ ಯಾರರ ಹೋಗ್ಯಾರೇನು ನಮ್ಮಾಗ?"

"ಇವ ಹೋಗ್ತಾನ."

ಅವಳು ಮಗನ ಕಡೆ ನೋಡಿದಳು. "ದಾರ್ಯಾಗ ಏನಾತೋ?"

"ಗಾಡಿ ಕೆಟ್ಟಿತ್ತವ್ವಾ."

"ಕೆಟ್ಟಿತ್ತಾ."

"ಹೂಂ."

"ಮಷೀನಿಗೆ ಯಾರು ಏನ್ ಮಾಡೋದದ ಬಿಡು," ಎಂದ ಮಲ್ಲಣ್ಣ. ಉಳಿದವರೂ ಹೌದು ಹೌದೆಂದರು. ಪಾಪ, ಅವನಿಗಾದರೂ ಎಷ್ಟು ಸಂಕಟವಾಗಿರಬೇಡ, ಒಬ್ಬನೇ ಹೆಣದ ಜೊತೆ, ಆ ಬಿಸಿಲಲ್ಲಿ. ಯಾರೋ ಬೆನ್ನು ಸವರಿದರು. ಒಬ್ಬಾಕೆ ಚಹಾ ತಂದಳು. ಆ ದಯೆ ಒಂದೊಂದಾಗಿ ಬಂದು ಅವನ ಮೈಗೆ ಎಣ್ಣೆಯಂತೆ ಅಂಟಿತು. ಒಬ್ಬರಾದರೂ ಕೆನ್ನೆಗೆ ಬಾರಿಸಿದ್ದರೆ ಅಳು ಬರುತ್ತಿತ್ತೇನೋ.

"ಎಲ್ಲಿ ಕೆಟ್ಟಿತ್ತಣ್ಣಾ?" ಸುಂದರಬಾಯಿ ಕೇಳಿದಳು. "ದಾರಿ ತುಂಬ ನೋಡಕೋತ ಬಂದ್ವಿ. ಎಲ್ಲೂ ಕಾಣಲಿಲ್ಲ."

"ಅಲ್ಲೇ... ಹೊಳಿ ದಾಟಿದ ಮ್ಯಾಲ."

"ಹೊಳಿ ದಾಟಿದ ಮ್ಯಾಲ." ಅವಳು ಅಪ್ಪನ ರುಮಾಲು ಸರಿಪಡಿಸುತ್ತಿದ್ದಳು. ರುಮಾಲಿನ ಸುತ್ತುಗಳಲ್ಲಿ, ಹೆಗಲ ಮೇಲೆ, ಮಡಿಲಿನ ಸುಕ್ಕಿನಲ್ಲಿ ಬಿಳಿಯ ಪುಟ್ಟ ಹೂಗಳಿದ್ದವು. ಬೇವಿನವು. ಅವಳು ಒಂದನ್ನು 'ಇದೇನು' ಎಂಬಂತೆ ಹೆಕ್ಕಿದಳು. ಇನ್ನೊಂದನ್ನು ಹೆಕ್ಕಿದಳು. ಕೈ ನಿಂತಿತು.

"ಒಂದು ಬೇವಿನ ಬನದಾಗ ಹಳದಿದೇನೋ ಹೊಳೀತು," ಎಂದಳು, ಯಾರಿಗೂ ಅಲ್ಲದ ಹಾಗೆ. "ಯಾರ್ದರ ಮದಿವಿ ದಿಬ್ಬಣ ಬಿಸಲಿಗೆ ನಿಂತಿರಬೇಕು ಅಂದ್ಕೊಂಡೆ."

ಅಷ್ಟೇ. ಅವಳು ಉಳಿದ ಹೂಗಳನ್ನೂ ಒಂದೊಂದಾಗಿ ಹೆಕ್ಕಿ, ಸೆರಗಿನ ತುದಿಯಲ್ಲಿ ಹಾಕಿ ಗಂಟು ಕಟ್ಟಿದಳು. ಆ ಗಂಟನ್ನು ಅವಳು ಎಂದಾದರೂ ಬಿಚ್ಚುತ್ತಾಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಬಿಚ್ಚಲಿ ಎನಿಸಿತು. ಬೇಡವೆನಿಸಿತು.

ವಿಮಾನದ ಮುಂದಿನ ಎರಡು ಗಳ ಕಡಿಯಬೇಕಾಯಿತು. ಇಲ್ಲದಿದ್ದರೆ ಕಾಲು ಹಿಡಿಸುತ್ತಿರಲಿಲ್ಲ. ಹೊದಿಸಿದ ಶಾಲು ಮೊಣಕಾಲಿನವರೆಗೆ ಬಂತು, ಪಾದ ಹೊರಗೇ ಉಳಿದವು. ಹಲಗೆ ಬಾರಿಸತೊಡಗಿದರು. ವಿಧಿ ಮಾಡಿಸುವ ಅಯ್ಯನವರು ಮುಂದೆ ನಡೆದರು, ಹಿಂದೆ ಮಗ, ಅವನ ಹಿಂದೆ ವಿಮಾನ. ಹೊತ್ತವರು ಇಳಿಜಾರಿನಲ್ಲಿ ಹೆಜ್ಜೆ ಜೋರು ಮಾಡಿದಾಗಲೆಲ್ಲ ಆ ಎರಡು ಪಾದ ತನ್ನ ಬೆನ್ನಿಗೆ ಮುಟ್ಟುತ್ತವೆ ಎನಿಸಿ ಅವನು ಬೆನ್ನು ಸೆಟೆಸಿ ನಡೆದ.

ಅಗಸಿಯ ಕಟ್ಟೆಯ ಮೇಲೆ ಕೂತಿದ್ದ ಮುದುಕರು ಎದ್ದು ಕೈಮುಗಿದರು. "ನಾಗಣ್ಣಗ ಎಷ್ಟು ಅವಸರ ಇತ್ತೋ," ಎಂದನೊಬ್ಬ. "ಕಾಲು ಮುಂದ ಮಾಡಿಕೊಂಡೇ ಹೊಂಟಾನ ನೋಡು."

"ಅವಸರ ಅಲ್ಲಲೇ," ಎಂದ ಇನ್ನೊಬ್ಬ. "ಒಲ್ಲೆ ಒಲ್ಲೆ ಅನ್ನಾಕತ್ತಾನ."

ಹೊಲದಲ್ಲಿ ಕುಣಿ ತಯಾರಿತ್ತು. ಮಡಚಿ ಕೂತವನ ಅಳತೆಗೆ ಅಗೆದದ್ದು. ಮಲ್ಲಣ್ಣ ದಂಡೆಯ ಮೇಲೆ ನಿಂತು ನೋಡಿ, ತಲೆ ತುರಿಸಿಕೊಂಡು, "ಇನ್ನೊಂದು ಮೊಳ ಮುಂದಕ ಅಗೀರಪ್ಪಾ," ಎಂದ. ವಿಮಾನ ಇಳಿಸಿ ಎಲ್ಲರೂ ಕಾದರು. ಎರೆ ಮಣ್ಣು ಹೆಂಟೆ ಹೆಂಟೆಯಾಗಿ ಎದ್ದಿತು. ದೌಲತರಾಯ ತನ್ನ ಉಗುರು ನೋಡಿಕೊಂಡ. ಎಷ್ಟು ತೊಳೆದರೂ ಸಂದಿಯಲ್ಲಿ ಅದೇ ಮಣ್ಣು ಕರ್ರಗೆ ಕೂತಿತ್ತು. ಕೈ ಹಿಂದಕ್ಕೆ ಕಟ್ಟಿಕೊಂಡ.

ಸಂಜೆ ಬಿಸಿಲು ಕೆಂಪಾಗುವ ಹೊತ್ತಿಗೆ ಅಪ್ಪನನ್ನು ಇಳಿಸಿದರು. ಬೆನ್ನು ಹಿಂದಿನ ಗೋಡೆಗೆ ಆತುಕೊಂಡಿತು. ಮೊಳ ಹೆಚ್ಚು ಅಗೆದದ್ದು ಸರಿಯಾಗಿ ಸಾಕಾಗಿತ್ತು. ಎರಡೂ ಅಂಗಾಲು ಎದುರಿನ ಮಣ್ಣಿನ ಗೋಡೆಗೆ ಹೋಗಿ ಗಟ್ಟಿಯಾಗಿ ನಿಂತವು. ಅಂಗೈಯಲ್ಲಿ ಲಿಂಗ ಇಟ್ಟರು. ಉಪ್ಪು ಸುರಿದರು, ವಿಭೂತಿ ಸುರಿದರು, ಪತ್ರಿ ಹಾಕಿದರು. ಹೊಟ್ಟೆ ಮುಚ್ಚಿತು, ಎದೆ ಮುಚ್ಚಿತು. ಪಾದ ಮುಚ್ಚಲಿಲ್ಲ.

"ಮಗ ಬರಲಿ, ಮಣ್ಣು ಹಾಕಲಿ," ಎಂದರು ಅಯ್ಯನವರು.

ದಂಡೆಗೆ ಬಂದು ನಿಂತ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಈಗ ಹೇಳಬಹುದಿತ್ತು. ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡ. ಮುಷ್ಟಿ ಬಿಚ್ಚಲು ಮರೆತು ಹಾಗೇ ನಿಂತ.

ಕೆಳಗೆ ಅಪ್ಪ ಎರಡೂ ಪಾದಗಳಿಂದ ಎದುರಿನ ಮಣ್ಣನ್ನು ಬ್ರೇಕಿನಂತೆ ಒತ್ತಿ ಹಿಡಿದಿದ್ದ. ಮೇಲೆ, ಯಾರೂ ಕಾಣದ ಹಾಗೆ, ಮಗನ ಬಲಗಾಲು ಸಡಿಲ ಮಣ್ಣನ್ನು ಮೆಲ್ಲಮೆಲ್ಲಗೆ ಅದುಮುತ್ತಿತ್ತು.